ನೀರು ಕಡಿಮೆ ಇರುವ ಜಮೀನಿಗೆ ಯಾವ ಮೇವಿನ ಹುಲ್ಲು? ಎಳೆ ಬೇರು ನೋಡಿ ಆರಿಸಿ

ಮಳೆ ನಂಬಿಕೊಂಡ ಜಮೀನಿಗೆ ಯಾವ ಹುಲ್ಲು ಹಾಕಲಿ ಎಂದು ಕೇಳುವವರ ಬಾಯಲ್ಲಿ ಸಾಮಾನ್ಯವಾಗಿ ಐದು ಹೆಸರು ಇರುತ್ತವೆ. ಸೀಮೆ ಹುಲ್ಲು (ನೇಪಿಯರ್), ಗಿನಿ ಹುಲ್ಲು, ರೋಡ್ಸ್ ಹುಲ್ಲು, ಅಂಜನ್ ಹುಲ್ಲು, ಮತ್ತೆ ಹಲವು ಸಲ ಕೊಯ್ಯುವ ಮೇವಿನ ಜೋಳ. ಒಂದೊಂದರ ಬಗ್ಗೆಯೂ ಯಾರೋ ಒಬ್ಬರು ಎಕರೆಗೆ ಇಷ್ಟು ಟನ್ ಎಂದು ಹೇಳಿರುತ್ತಾರೆ. ಆ ಟನ್ ಲೆಕ್ಕ ನೋಡಿಯೇ ಹೆಚ್ಚಿನವರು ಆರಿಸುತ್ತಾರೆ. ಆದರೆ ಆ ಲೆಕ್ಕವೆಲ್ಲ ಬೇರು ಬಿಟ್ಟು ನಿಂತ ಹುಲ್ಲಿನದು. ಒಣ ಪ್ರದೇಶದಲ್ಲಿ ಹುಲ್ಲು ಸೋಲುವುದು ಅದಕ್ಕಿಂತ ಎಷ್ಟೋ ಮೊದಲು, ಬೀಜ ಮೊಳೆತ ಮೊದಲ ಒಂದೂವರೆ ತಿಂಗಳಲ್ಲಿ. ಹಾಗಾಗಿ ನಾನು ಆರಿಸುವಾಗ ಮೊದಲು ಕೇಳುವುದು ಒಂದೇ: ಈ ಹುಲ್ಲಿಗೆ ನನ್ನ ನೆಲದಲ್ಲಿ ಬುಡದ ಬೇರು ಹೇಗೆ ಬರುತ್ತೆ, ಯಾವಾಗ ಬರುತ್ತೆ?

ನೆಲದೊಳಗೆ ಏನಾಗುತ್ತದೆ

ಹುಲ್ಲಿನ ಬೀಜ ಮೊಳೆತಾಗ ಮೊದಲು ಬರುವುದು ಬೀಜದಿಂದಲೇ ಹೊರಡುವ ಒಂದು ಸಣ್ಣ ಬೇರು. ಅದು ನೇರವಾಗಿ ಕೆಳಗೆ ಇಳಿಯುತ್ತದೆ. ಬೀಜದಲ್ಲಿರುವ ಹಿಟ್ಟು ಅದಕ್ಕೆ ದಾರಿಯ ಬುತ್ತಿ ಇದ್ದಂತೆ. ಜೋಳದ ಬೀಜದಲ್ಲಿ ಬುತ್ತಿ ದೊಡ್ಡದು, ಗಿನಿ ಮತ್ತು ರೋಡ್ಸ್ ಬೀಜದಲ್ಲಿ ತೀರಾ ಸಣ್ಣದು. ಈ ಮೊದಲ ಬೇರು ಎಷ್ಟೇ ಆಳಕ್ಕೆ ಹೋದರೂ ತೆಳ್ಳಗೇ ಇರುತ್ತದೆ. ಅದರೊಳಗಿನ ನೀರಿನ ಕೊಳವೆಗಳು ಕಿರಿದು. ಎಲೆ ನಾಲ್ಕಾರು ಆಗುವ ಹೊತ್ತಿಗೆ ಅವು ಕೇಳುವಷ್ಟು ನೀರನ್ನು ಈ ಒಂದು ಬೇರು ಎಳೆದು ಕೊಡಲಾರದು. ಕೆಳಗೆ ತೇವ ಇದ್ದರೂ ಗಿಡ ಬಾಡುವುದು ಇದಕ್ಕೇ.

ಆ ಕೊರತೆ ತುಂಬಲು ಬರುವುದು ಎರಡನೆಯ ಬೇರುಗಳು. ಇವು ಬೀಜದಿಂದ ಬರುವುದಿಲ್ಲ, ಗಿಡದ ಬುಡದ ಗಿಣ್ಣಿನಿಂದ ಹೊರಡುತ್ತವೆ. ದಪ್ಪ, ಬಿಳಿ, ಸುತ್ತಲೂ ಹರಡುವಂಥವು. ಹುಲ್ಲನ್ನು ವರ್ಷಾನುಗಟ್ಟಲೆ ಹಿಡಿದು ನಿಲ್ಲಿಸುವುದು ಇವೇ. ತೊಂದರೆ ಏನೆಂದರೆ, ಈ ಬುಡ ಇರುವುದು ಮಣ್ಣಿನ ಮೇಲ್ಪದರದಲ್ಲಿ. ಬಿಸಿಲು ಬಿದ್ದರೆ ಮೊದಲು ಒಣಗುವ ಜಾಗವೇ ಅದು. ಮೇಲ್ಪದರ ಒಣಗಿದ್ದರೆ ಗಿಣ್ಣಿನ ಬೇರು ಮೊಗ್ಗಿನಲ್ಲೇ ನಿಂತುಬಿಡುತ್ತದೆ.

ಆಳಕ್ಕೆ ಬಿತ್ತಿದರೆ ಬುಡವೂ ತೇವದಲ್ಲೇ ಇರುತ್ತದಲ್ವಾ ಎಂದು ಅನಿಸಬಹುದು. ಈ ಹುಲ್ಲುಗಳಲ್ಲಿ ಹಾಗೆ ಆಗುವುದಿಲ್ಲ. ಬೀಜಕ್ಕೂ ಬುಡಕ್ಕೂ ನಡುವಿನ ಎಳೆಯ ಕಾಂಡ ಬೆಳಕು ತಾಗುವವರೆಗೆ ಉದ್ದವಾಗುತ್ತಾ ಹೋಗಿ, ಬುಡವನ್ನು ನೆಲದ ಮಟ್ಟಕ್ಕೆ ತಂದು ಇಡುತ್ತದೆ. ಆಳಕ್ಕೆ ಬಿತ್ತಿದ್ದರಿಂದ ಸಣ್ಣ ಬೀಜದ ಬುತ್ತಿ ದಾರಿಯಲ್ಲೇ ಖಾಲಿಯಾಗುತ್ತದೆ, ಅಷ್ಟೇ.

ಅಮೆರಿಕದ ಕೊಲೊರಾಡೊದ ಒಣ ಹುಲ್ಲುಗಾವಲುಗಳಲ್ಲಿ ಬ್ಲೂ ಗ್ರಾಮಾ ಎಂಬ ಹುಲ್ಲಿನ ಮೇಲೆ 1970ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ನೋಡಿದ್ದರು. ಬೀಜ ಚೆನ್ನಾಗಿ ಮೊಳೆಯುತ್ತಿತ್ತು, ಆಮೇಲೆ ಆರರಿಂದ ಹತ್ತು ವಾರದೊಳಗೆ ಸಸಿಗಳು ಸಾಯುತ್ತಿದ್ದವು. ಬುಡದ ಬೇರು ಇಳಿದಿರಲಿಲ್ಲ ಎನ್ನುವುದೇ ಕಾರಣ. ಆ ಬೇರು ಹೊರಟು ನೆಲಕ್ಕೆ ಇಳಿಯಲು ಮೇಲ್ಮಣ್ಣು ಸತತವಾಗಿ ಎರಡರಿಂದ ನಾಲ್ಕು ದಿನ ತೇವವಾಗಿದ್ದರೆ ಸಾಕಾಗುತ್ತಿತ್ತು. ಸಸಿ ತಯಾರಾಗಿರುವ ಹೊತ್ತಿಗೇ ಆ ತೇವ ಸಿಗಬೇಕು, ಅದು ಸಿಗುತ್ತಿರಲಿಲ್ಲ.

ನಮ್ಮ ನವಣೆಯ ಕಾಡು ಪೂರ್ವಜ ಒಂದಿದೆ, ಸೆಟೇರಿಯಾ ವಿರಿಡಿಸ್. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಹುಲ್ಲಿನ ಬುಡ ಒಣಗಿದಾಗ ಬುಡದ ಬೇರುಗಳು ಬೆಳವಣಿಗೆ ನಿಲ್ಲಿಸುವುದನ್ನೂ, ನೀರು ಕೊಟ್ಟಾಗ ಬೇಗನೆ ಮತ್ತೆ ಹೊರಡುವುದನ್ನೂ ತೋರಿಸಿದರು. ಅಂದರೆ ಇದು ಗಿಡದ ದೌರ್ಬಲ್ಯ ಅಲ್ಲ. ಇರುವ ನೀರನ್ನು ಒಂದೇ ಸಲ ಖರ್ಚು ಮಾಡದೆ ಕಾಯುವ ಬಗೆ ಅದು. ರೈತರಿಗೆ ಇದರಲ್ಲಿ ಒಂದು ಭರವಸೆ ಇದೆ: ಸಸಿ ಇನ್ನೂ ಹಸಿರಿದ್ದರೆ, ಸರಿಯಾದ ಹೊತ್ತಿನ ಒಂದು ಮಳೆ ಅಥವಾ ಒಂದು ನೀರು ಅದನ್ನು ಉಳಿಸಬಲ್ಲದು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯದು, ಈ ಹುಲ್ಲನ್ನು ಬೀಜದಿಂದ ಹಾಕಬೇಕಾ, ತುಂಡಿನಿಂದ ನೆಡಬಹುದಾ? ಹಳೆಯ ಬುಡದಿಂದ ಬೇರುಸಮೇತ ಸೀಳಿ ತೆಗೆದ ತೆಂಡೆಯನ್ನು ನೆಟ್ಟರೆ, ಮೇಲೆ ಹೇಳಿದ ಇಡೀ ಗಂಡಾಂತರವನ್ನು ದಾಟಿಯೇ ಗಿಡ ನಿಮ್ಮ ಹೊಲಕ್ಕೆ ಬರುತ್ತದೆ. ಖರ್ಚು ಮತ್ತು ಕೂಲಿ ಜಾಸ್ತಿ, ಅಪಾಯ ಕಡಿಮೆ. ನನ್ನ ಪ್ರಕಾರ ಯಾವ ಹುಲ್ಲು ಎನ್ನುವುದಕ್ಕಿಂತ ಬೀಜವೋ ತೆಂಡೆಯೋ ಎನ್ನುವುದೇ ದೊಡ್ಡ ತೀರ್ಮಾನ.

ಎರಡನೆಯದು, ಮೊದಲ ನಲವತ್ತು ದಿನಕ್ಕೆ ನಿಮ್ಮಲ್ಲಿ ಎಷ್ಟು ನೀರಿದೆ? ವರ್ಷವಿಡೀ ಎಷ್ಟಿದೆ ಎನ್ನುವುದು ಬೇರೆ ಪ್ರಶ್ನೆ. ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಟ್ಟರೂ ಜುಲೈನಲ್ಲಿ ಎರಡು ಗಂಟೆ ಓಡುತ್ತದೆ ಎಂದರೆ ನಿಮ್ಮ ಆಯ್ಕೆ ಬಹಳ ವಿಶಾಲವಾಗುತ್ತದೆ.

ಮೂರನೆಯದು ಮಣ್ಣು. ಚಿತ್ರದುರ್ಗ, ಕೋಲಾರದ ಕಡೆಯ ಕೆಂಪು ಮರಳು ಮಣ್ಣಿನ ಮೇಲ್ಪದರ ಮಳೆ ನಿಂತ ಎರಡು ಮೂರು ದಿನಕ್ಕೇ ಒಣಗುತ್ತದೆ. ಜೋರು ಮಳೆಯಾದ ಮೇಲೆ ಗಟ್ಟಿ ಹೆಪ್ಪು ಕಟ್ಟಿ ಸಣ್ಣ ಮೊಳಕೆ ಮೇಲೆ ಬರಲು ಬಿಡುವುದಿಲ್ಲ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣು ತೇವವನ್ನು ಹೆಚ್ಚು ದಿನ ಹಿಡಿಯುತ್ತದೆ, ಆದರೆ ಒಣಗಿ ಬಿರುಕು ಬಿಟ್ಟಾಗ ಎಳೆ ಬೇರುಗಳನ್ನು ಹರಿದುಹಾಕುತ್ತದೆ.

ಉಳಿದವು ನಿಮಗೇ ಗೊತ್ತಿರುತ್ತವೆ. ಹಾಲು ಕರೆಯುವ ದನಕ್ಕಾ, ಕುರಿ ಮೇಕೆಗಾ? ಕೊಯ್ದು ಹಾಕುತ್ತೀರಾ, ಬಿಟ್ಟು ಮೇಯಿಸುತ್ತೀರಾ? ಎಷ್ಟು ವರ್ಷ ನಿಲ್ಲಬೇಕು?

ನೇಪಿಯರ್: ನೀರಿದ್ದವರಿಗೆ ರಾಜ, ಇಲ್ಲದವರಿಗೆ ಸಾಲ

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಓ-4, ಸಿಓ-5, ಧಾರವಾಡದ ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6, ಇವೆಲ್ಲ ಸಜ್ಜೆ ಮತ್ತು ನೇಪಿಯರ್ ಸೇರಿದ ಮಿಶ್ರ ತಳಿಗಳು. ನೀರು, ಗೊಬ್ಬರ ಚೆನ್ನಾಗಿ ಕೊಟ್ಟರೆ ಸಿಓ-4 ಹೆಕ್ಟೇರಿಗೆ ವರ್ಷಕ್ಕೆ 380ರಿಂದ 400 ಟನ್ ಹಸಿ ಮೇವು ಕೊಡುತ್ತದೆ ಎನ್ನುತ್ತಾರೆ. ದಿನಕ್ಕೆ 25ರಿಂದ 30 ಕಿಲೋ ಹಸಿ ಮೇವು ತಿನ್ನುವ ಹಸುಗಳನ್ನು ಕಟ್ಟಿದವರಿಗೆ ಇದಕ್ಕಿಂತ ಒಳ್ಳೆಯದು ಕಾಣುವುದಿಲ್ಲ.

ಇವು ಮಿಶ್ರ ತಳಿ ಆದ್ದರಿಂದ ಬೀಜ ಕಟ್ಟುವುದಿಲ್ಲ. ಕಾಂಡದ ತುಂಡು ಅಥವಾ ಬೇರಿನ ತೆಂಡೆಯನ್ನೇ ನೆಡಬೇಕು. 60 × 50 ಸೆಂಟಿಮೀಟರ್ ಅಂತರಕ್ಕೆ ಎಕರೆಗೆ ಸುಮಾರು 13,500 ತುಂಡು ಬೇಕು. ಬೀಜದ ಸಸಿಯ ಕಷ್ಟ ಇದಕ್ಕಿಲ್ಲ. ಎರಡು ಗಿಣ್ಣಿನ ತುಂಡಿನಲ್ಲಿ ಒಂದು ಗಿಣ್ಣು ಮಣ್ಣೊಳಗೆ ಇದ್ದರೆ ಅಲ್ಲಿಂದ ದಪ್ಪ ಬೇರು ಬರುತ್ತದೆ. ಆದರೆ ಬೇರು ಬರುವವರೆಗೆ ತುಂಡು ತನ್ನ ಮೈಯ ನೀರನ್ನೇ ಕುಡಿದು ಬದುಕಬೇಕು. ಮೊದಲ ಮೂರು ವಾರ ಮಣ್ಣು ಒಣಗಿದರೆ ತುಂಡು ಚಿಗುರಿದಂತೆ ಕಂಡು ಆಮೇಲೆ ಕಪ್ಪಾಗುತ್ತದೆ. ಬೇರೂರಿ ನಿಂತ ಮೇಲೂ ದೊಡ್ಡ ಎಲೆಗಳಿಗೆ ಸದಾ ನೀರು ಬೇಕು. 500ರಿಂದ 650 ಮಿಲಿಮೀಟರ್ ಮಳೆಯ ಊರಿನಲ್ಲಿ ನೀರಾವರಿ ಇಲ್ಲದೆ ಇದನ್ನು ಹಾಕಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಡ್ರಿಪ್ ಇದ್ದರೆ, ನೀರು ಖಾತ್ರಿ ಇರುವಷ್ಟು ಜಾಗಕ್ಕೆ ಮಾತ್ರ, ಹತ್ತು ಗುಂಟೆ ಆದರೂ ಸರಿ, ಹಾಕಿ. ಉಳಿದ ನೆಲಕ್ಕೆ ಬೇರೆ ಹುಲ್ಲು ನೋಡಿ.

ಗಿನಿ ಹುಲ್ಲು: ಮಧ್ಯದ ದಾರಿ

ಗಿನಿ ಹುಲ್ಲಿಗೆ ಒಂದು ದೊಡ್ಡ ಗುಣ ಇದೆ, ಬೀಜದಿಂದಲೂ ಬರುತ್ತದೆ, ತೆಂಡೆಯಿಂದಲೂ ಬರುತ್ತದೆ. ಅರೆ ನೆರಳನ್ನೂ ತಾಳುತ್ತದೆ. ತೆಂಗಿನ ತೋಟದ ನಡುವೆ ಬೆಳೆಯಲು ಇಷ್ಟು ಒಗ್ಗುವ ಮೇವು ಕಡಿಮೆ. ನೆರಳಿನ ಕೆಳಗೆ ಮೇಲ್ಮಣ್ಣು ನಿಧಾನವಾಗಿ ಒಣಗುವುದರಿಂದ ಬುಡದ ಬೇರಿಗೂ ಅಲ್ಲಿ ಹೆಚ್ಚು ದಿನ ಸಿಗುತ್ತವೆ.

ಬೀಜ ಎಕರೆಗೆ ಒಂದು ಕಿಲೋ ಹೆಚ್ಚುಕಮ್ಮಿ ಸಾಕು, ಅದಕ್ಕೇ ಅಗ್ಗ ಅನಿಸುತ್ತದೆ. ಆದರೆ ಬೀಜ ತೀರಾ ಸಣ್ಣದು. ಒಂದು ಸೆಂಟಿಮೀಟರ್‌ಗಿಂತ ಆಳ ಹೋಗಬಾರದು. ಅಷ್ಟು ಮೇಲಿನ ಮಣ್ಣು ಒಣ ಗಾಳಿಗೆ ಅರ್ಧ ದಿನದಲ್ಲಿ ಒಣಗುತ್ತದೆ. ಮಳೆ ನಂಬಿ ಗಿನಿ ಬೀಜವನ್ನು ನೇರವಾಗಿ ಹೊಲಕ್ಕೆ ಚೆಲ್ಲುವುದು, ನನ್ನ ದೃಷ್ಟಿಯಲ್ಲಿ, ಅಗ್ಗವಾಗಿ ಶುರುವಾಗಿ ದುಬಾರಿಯಾಗಿ ಮುಗಿಯುವ ದಾರಿ.

ಇದಕ್ಕೆ ಒಂದು ನಡುವಿನ ಉಪಾಯ ಇದೆ: ಸಸಿಮಡಿ. ಮನೆ ಹತ್ತಿರ ನೀರು ಸಿಗುವ ಕಡೆ ಮಡಿ ಮಾಡಿ, ದಿನವೂ ಹದವಾಗಿ ಚಿಮುಕಿಸಿ, ನಾಲ್ಕರಿಂದ ಆರು ವಾರ ಸಸಿ ಬೆಳೆಸಿ. ಬುಡದಲ್ಲಿ ತೆಂಡೆ ಒಡೆದಿದೆ ಎಂದರೆ ಬುಡದ ಬೇರು ಬಂದಿದೆ ಎಂದೇ ಅರ್ಥ. ಒಂದು ಎಕರೆಯನ್ನು ತೇವವಾಗಿಡಲು ಆಗದವರಿಗೂ ಒಂದು ಮಡಿಯನ್ನು ತೇವವಾಗಿಡಲು ಆಗುತ್ತದೆ. ಒಳ್ಳೆಯ ಮಳೆ ಬಿದ್ದ ಮರುದಿನ ಕಿತ್ತು ನೆಡಿ. 50 × 30 ಸೆಂಟಿಮೀಟರ್ ಅಂತರವಾದರೆ ಎಕರೆಗೆ ಸುಮಾರು 27,000 ಸಸಿ ಬೇಕಾಗುತ್ತದೆ. ನಾಟಿಯ ಕೂಲಿ ಇಲ್ಲಿ ದೊಡ್ಡ ಖರ್ಚು. ಅಷ್ಟು ಆಗದಿದ್ದರೆ ಮೊದಲ ವರ್ಷ ಕಾಲು ಎಕರೆ ನೆಟ್ಟು, ಮರುವರ್ಷ ಅದೇ ಬುಡಗಳನ್ನು ಸೀಳಿ ಮಿಕ್ಕ ಜಾಗಕ್ಕೆ ಹರಡಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಂದು ವರ್ಷ ಕಾಯಬಲ್ಲವರಿಗೆ ಇದಕ್ಕಿಂತ ಭದ್ರವಾದ ದಾರಿ ನನಗೆ ಗೊತ್ತಿಲ್ಲ.

ಬೇರೂರಿದ ಗಿನಿ ಮಧ್ಯಮ ಬರವನ್ನು ತಾಳುತ್ತದೆ. ಏಳೆಂಟು ತಿಂಗಳು ಹನಿ ನೀರಿಲ್ಲದ ನೆಲದಲ್ಲಿ ಮಾತ್ರ ವರ್ಷದಿಂದ ವರ್ಷಕ್ಕೆ ಬುಡಗಳು ವಿರಳವಾಗುತ್ತವೆ.

ರೋಡ್ಸ್ ಹುಲ್ಲು

ಬೀಜ ಬೇಗ ಮೊಳೆಯುತ್ತದೆ, ಸಸಿ ಚುರುಕಾಗಿ ಬೆಳೆಯುತ್ತದೆ. ಆಮೇಲೆ ನೆಲದ ಮೇಲೆ ಹಂಬು ಬಿಟ್ಟು, ಹಂಬಿನ ಗಿಣ್ಣು ಗಿಣ್ಣಿಗೂ ಬೇರು ಇಳಿಸುತ್ತದೆ. ಗಿಡ ನಡುವೆ ಖಾಲಿ ಬಿದ್ದ ಜಾಗವನ್ನು ತಾನೇ ತುಂಬಿಕೊಳ್ಳುವ ಹುಲ್ಲು ಇದು. ಆದರೆ ಹಂಬಿನ ಬೇರಿಗೂ ಅದೇ ಷರತ್ತು, ಮೇಲ್ಮಣ್ಣು ಒದ್ದೆ ಇರಬೇಕು. ಒಣಗಿದ್ದರೆ ಹಂಬು ಸುಮ್ನೆ ನೆಲದ ಮೇಲೆ ಬಿದ್ದಿರುತ್ತದೆ.

ಇದನ್ನು ನಾನು ಮುಖ್ಯವಾಗಿ ಒಂದು ಕಡೆಗೆ ಸೂಚಿಸುತ್ತೇನೆ: ಉಪ್ಪು ಏರಿದ ಜಮೀನು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಸವಳು ನೆಲ ಇರುವವರಿಗೆ ಗೊತ್ತು, ಅಲ್ಲಿ ನೀರಿದ್ದೂ ಬೇರಿಗೆ ಎಳೆದುಕೊಳ್ಳಲು ಕಷ್ಟ. ಎಳೆ ಸಸಿಯ ಮಟ್ಟಿಗೆ ಸವಳೂ ಒಂದು ಬರವೇ. ಬೆಳೆದು ನಿಂತ ರೋಡ್ಸ್ ಉಪ್ಪನ್ನು ಚೆನ್ನಾಗಿ ತಾಳುತ್ತದೆ, ಅದರ ಎಲೆಗಳು ಉಪ್ಪನ್ನು ಹೊರಗೆ ಹಾಕುತ್ತವೆ. ಬಿತ್ತುವ ಹೊತ್ತಿಗೆ ಮಾತ್ರ ಒಂದೆರಡು ಸಲ ಸಿಹಿನೀರು ಹಾಯಿಸಿ ಮೇಲಿನ ಉಪ್ಪು ಕೆಳಗಿಳಿಯುವಂತೆ ಮಾಡಬೇಕು. ಒಣಗಿಸಿ ಕಟ್ಟಿಡಲೂ ಒಳ್ಳೆಯ ಹುಲ್ಲು, ಕಾಂಡ ತೆಳು. ಸವಳಿಲ್ಲದ, ಪೂರ್ತಿ ಮಳೆಯಾಶ್ರಿತ ನೆಲಕ್ಕಾದರೆ ಮುಂದಿನ ಹುಲ್ಲು ಮೇಲು.

ಅಂಜನ್ ಹುಲ್ಲು: ನಿಜವಾದ ಒಣ ನೆಲದ್ದು

ರಾಜಸ್ಥಾನದ ಮರುಭೂಮಿಯ ಅಂಚಿನಲ್ಲಿ ಕುರಿಗಳನ್ನು ಸಾಕುವ ಹುಲ್ಲು ಇದು. ಜೋಧಪುರದ ಕೇಂದ್ರೀಯ ಒಣ ಪ್ರದೇಶ ಸಂಶೋಧನಾ ಸಂಸ್ಥೆಯ ಕಾಜ್ರಿ-75 ಇದರ ಹೆಸರಾಂತ ತಳಿ. ಬೇರೂರಿದ ಮೇಲೆ ಬೇರು ಎರಡು ಮೀಟರ್‌ವರೆಗೂ ಇಳಿಯಬಲ್ಲದು. ಬೇಸಿಗೆಯಲ್ಲಿ ಪೂರ್ತಿ ಒಣಗಿ ಸತ್ತಂತೆ ಕಂಡರೂ ಊದಿಕೊಂಡ ಬುಡದಲ್ಲಿ ಜೀವ ಹಿಡಿದಿರುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. ಚಳ್ಳಕೆರೆ, ಹಿರಿಯೂರು, ಕೊಪ್ಪಳದ ಕಡೆ ಕುರಿ ಮೇಕೆ ಇಟ್ಟುಕೊಂಡು ಬರೀ ಮಳೆ ನಂಬಿದವರಿಗೆ ನನ್ನ ಮೊದಲ ಆಯ್ಕೆ ಇದೇ. ಮೇವಿನ ತೂಕ ನೇಪಿಯರ್ ಹತ್ತಿರಕ್ಕೂ ಬರುವುದಿಲ್ಲ. ಆದರೆ ಐದನೆಯ ವರ್ಷವೂ ಅದು ನಿಮ್ಮ ಹೊಲದಲ್ಲಿರುತ್ತದೆ.

ಹಾಗೆಂದು ಇದರ ಎಳೆ ಸಸಿಯೂ ಬರಕ್ಕೆ ಗಟ್ಟಿ ಎಂದು ನಂಬಬೇಡಿ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಬೆಳೆದ ಅಂಜನ್‌ನ ತಾಳ್ಮೆ ಆಳದ ಬುಡದ ಬೇರಿನಿಂದ ಬಂದದ್ದು. ಮೂರು ವಾರದ ಸಸಿಗೆ ಆ ಬೇರೇ ಇರುವುದಿಲ್ಲ. ಆ ಹೊತ್ತಿಗೆ ಅದೂ ಗಿನಿಯಷ್ಟೇ ಬಡಪಾಯಿ.

ಬೀಜದ ಸುತ್ತ ನಯವಾದ ಕೂದಲಿರುತ್ತದೆ. ಕೈಯಿಂದ ಚೆಲ್ಲಿದರೆ ಗಾಳಿಗೆ ಹಾರಿ ಮಣ್ಣಿಗೆ ಸರಿಯಾಗಿ ಅಂಟುವುದಿಲ್ಲ. ಸಗಣಿ, ಜೇಡಿ ಮಣ್ಣು, ಮರಳು ಕಲಸಿ ಬೀಜವನ್ನು ಸಣ್ಣ ಉಂಡೆ ಮಾಡಿ ಬಿತ್ತುವ ಪದ್ಧತಿ ಇರುವುದು ಇದಕ್ಕಾಗಿ. ಎಕರೆಗೆ ಎರಡು ಕಿಲೋ ಬೀಜ ಹಿಡಿಯಿರಿ. ಬೋದಿನ ಮೇಲೆ ಬಿತ್ತಬೇಡಿ, ಸಾಲಿನ ತಳದಲ್ಲಿ ಬಿತ್ತಿ. ಮಳೆ ನೀರು ಬಂದು ನಿಲ್ಲುವುದು ಅಲ್ಲಿ, ಬುಡ ಎರಡು ದಿನ ಹೆಚ್ಚು ಒದ್ದೆ ಇರುವುದೂ ಅಲ್ಲಿ. ಮೇಲೆ ತೆಳ್ಳಗೆ ಒಣ ಹುಲ್ಲು ಹರಡಿದರೆ ಇನ್ನೂ ಒಳ್ಳೆಯದು.

ಮೇವಿನ ಜೋಳ: ಈ ವರ್ಷದ ಹೊಟ್ಟೆಗೆ

ಸಿಓಎಫ್‌ಎಸ್-29ರಂಥ ಹಲವು ಕೊಯ್ಲಿನ ಜೋಳವನ್ನು ಎಕರೆಗೆ ಎರಡು ಕಿಲೋದಂತೆ ಬಿತ್ತಬಹುದು. ಮಿಕ್ಕ ಹುಲ್ಲುಗಳ ಬೀಜಕ್ಕೆ ಹೋಲಿಸಿದರೆ ಜೋಳದ ಬೀಜ ದೊಡ್ಡದು, ಮೂರು ಸೆಂಟಿಮೀಟರ್ ಆಳಕ್ಕೆ ಕೂರಿಗೆಯಲ್ಲಿ ಬಿತ್ತಬಹುದು, ಮೊದಲ ಬೇರು ಬೇಗ ಆಳಕ್ಕೆ ಇಳಿಯುತ್ತದೆ. ಮುಸುಕಿನ ಜೋಳಕ್ಕೆ ಬೀಜದಿಂದ ಹಲವು ಬೇರು ಬಂದರೆ ಜೋಳಕ್ಕೆ ಬರುವುದು ಸಾಮಾನ್ಯವಾಗಿ ಒಂದೇ. ಆದ್ದರಿಂದ ಬುಡದ ಬೇರಿನ ಕಾಯುವಿಕೆ ಇದಕ್ಕೂ ತಪ್ಪಿದ್ದಲ್ಲ, ಆದರೆ ಬುತ್ತಿ ದೊಡ್ಡದಾದ್ದರಿಂದ ಹೆಚ್ಚು ದಿನ ಕಾಯಬಲ್ಲದು. ಎರಡು ತಿಂಗಳಲ್ಲಿ ಮೇವು ಬೇಕು ಎಂದರೆ ಇದನ್ನು ಬಿಟ್ಟು ಬೇರೆ ನೋಡಬೇಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲೇಬಾರದು. ಎಳೆ ಜೋಳದಲ್ಲಿ, ಅದರಲ್ಲೂ ಬರಕ್ಕೆ ಸಿಕ್ಕಿ ಕುಗ್ಗಿದ ಜೋಳದಲ್ಲಿ, ದನಗಳನ್ನು ಕೊಲ್ಲಬಲ್ಲ ಸಯನೈಡ್ ವಿಷ ಸೇರಿರುತ್ತದೆ. ಒಣಗಿ ನಿಂತಿದ್ದ ಜೋಳ ಮಳೆ ಬಿದ್ದ ಕೂಡಲೇ ಕೊಡುವ ಹೊಸ ಚಿಗುರೂ ಅಷ್ಟೇ ಅಪಾಯ. ಹೂ ಬರುವವರೆಗೆ ಕಾದು ಕೊಯ್ಯಿರಿ. ಹೊಲಕ್ಕೆ ದನ ನುಗ್ಗದಂತೆ ನೋಡಿಕೊಳ್ಳಿ. ಬೇಲಿ ಇಲ್ಲದ ಹೊಲ, ಬಿಟ್ಟು ಮೇಯಿಸುವ ಅಭ್ಯಾಸ ಇರುವವರು ಜೋಳ ಹಾಕದಿರುವುದೇ ಒಳ್ಳೆಯದು.

ಯಾವುದೇ ಆರಿಸಿದರೂ ನೀರು ಮತ್ತು ಕತ್ತಿಯ ಲೆಕ್ಕ

ಬೀಜದಿಂದ ಹಾಕಿದವರು ಇಪ್ಪತ್ತು ಇಪ್ಪತ್ತೈದನೇ ದಿನಕ್ಕೆ ನಾಲ್ಕು ಕಡೆ ಒಂದೊಂದು ಸಸಿಯನ್ನು ಮಣ್ಣುಸಮೇತ ಎತ್ತಿ, ನೀರಲ್ಲಿ ಅದ್ದಿ ನೋಡಿ. ಬುಡದಲ್ಲಿ ದಪ್ಪ ಬಿಳಿ ಬೇರು ಎರಡು ಮೂರಾದರೂ ಮಣ್ಣಿಗೆ ಇಳಿದಿದ್ದರೆ ಗೆದ್ದಂತೆ. ಒಂದೇ ತೆಳು ಬೇರು ಕೆಳಗೆ ಹೋಗಿದ್ದು, ಬುಡದಲ್ಲಿ ಮೊಂಡು ಮೊಗ್ಗುಗಳಷ್ಟೇ ಕಂಡರೆ, ನಿಮ್ಮ ಹತ್ತಿರ ಇರುವ ನೀರನ್ನೆಲ್ಲ ಆ ವಾರಕ್ಕೆ ಖರ್ಚು ಮಾಡಿ. ಆಳಕ್ಕೆ ತುಂಬುವಷ್ಟು ಹಾಯಿಸುವುದು ಬೇಡ. ಮೇಲಿನ ಎರಡು ಮೂರು ಬೆರಳು ಮಣ್ಣು ಮೂರು ನಾಲ್ಕು ದಿನ ಒದ್ದೆ ಇರಲಿ, ಅಷ್ಟು ಸಾಕು. ಸ್ಪ್ರಿಂಕ್ಲರ್ ಬಾಡಿಗೆಗೆ ತರುವುದಾದರೆ ತರಬೇಕಾದ್ದು ಈ ವಾರಕ್ಕೆ.

ಬುಡದ ಬೇರು ಇಳಿದ ಮೇಲೆ ಲೆಕ್ಕ ತಲೆಕೆಳಗು. ಈಗ ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಸೋಮಾರಿಯಾಗಿ ಉಳಿಯುತ್ತದೆ. ನೀರಿನ ಅಂತರ ಹೆಚ್ಚಿಸಿ. ಸ್ವಲ್ಪ ಒಣಗಿದಾಗ ಎಲೆಯ ಬೆಳವಣಿಗೆ ಮೊದಲು ನಿಲ್ಲುತ್ತದೆ, ಬೇರು ಇನ್ನೂ ಕೆಲವು ದಿನ ಕೆಳಗೆ ಹೋಗುತ್ತಲೇ ಇರುತ್ತದೆ. ಹದವಾದ ಬಾಯಾರಿಕೆ ಈ ಹಂತದಲ್ಲಿ ಒಳ್ಳೆಯದೇ.

ಅವಸರದ ಕೊಯ್ಲು ಬರದಷ್ಟೇ ಕೆಟ್ಟದ್ದು. 1955ರಲ್ಲಿ ಅಮೆರಿಕದ ಸಂಶೋಧಕ ಎಫ್. ಜೆ. ಕ್ರೈಡರ್ ತೋರಿಸಿದ ಪ್ರಕಾರ, ಹುಲ್ಲಿನ ಎಲೆಭಾಗದ ಶೇ. 80ರಷ್ಟನ್ನು ಒಮ್ಮೆ ಕತ್ತರಿಸಿದರೆ ಬೇರಿನ ಬೆಳವಣಿಗೆ 12 ದಿನ ಪೂರ್ತಿ ನಿಂತುಹೋಗುತ್ತದೆ. ಶೇ. 90 ತೆಗೆದರೆ 17 ದಿನ. ಮೊದಲ ವರ್ಷದ ಅಂಜನ್‌ಗೆ ಕುರಿ ಬಿಡಬೇಡಿ ಎನ್ನುವುದು ಇದಕ್ಕೇ. ಬೀಜ ಉದುರಿದ ಮೇಲೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದುಕೊಳ್ಳಿ.

ನಿಮ್ಮ ಪರಿಸ್ಥಿತಿಗೆ

ಎರಡು ಮೂರು ಹಸು, ವರ್ಷವಿಡೀ ಓಡುವ ಬೋರ್‌ವೆಲ್ ಇದ್ದರೆ ನೇಪಿಯರ್ ಹಾಕಿ. ಮಳೆಗಾಲದಲ್ಲಷ್ಟೇ ನೀರು, ಜೊತೆಗೆ ತೆಂಗಿನ ತೋಟ ಇದ್ದರೆ ತೆಂಡೆಯಿಂದ ಅಥವಾ ಸಸಿಮಡಿಯಿಂದ ಗಿನಿ. ಸವಳಿಗೆ ರೋಡ್ಸ್. ಈ ವರ್ಷವೇ ಮೇವಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ ಎಂದರೆ ಮೇವಿನ ಜೋಳ ಬಿತ್ತಿ, ಅದರ ಪಕ್ಕದಲ್ಲೇ ಗಿನಿ ಅಥವಾ ಅಂಜನ್‌ನ ಒಂದು ಮಡಿ ಶುರುಮಾಡಿ. ಎರಡೂ ಒಟ್ಟಿಗೆ ನಡೆಯಲಿ.

ಬಿತ್ತುವ ಹೊತ್ತಿನ ಬಗ್ಗೆ ಎರಡು ಮಾತು. ರೋಹಿಣಿ, ಮೃಗಶಿರ ಮಳೆಗೆ ಬೀಜ ಹಾಕಿ, ಆರಿದ್ರ ಕೈಕೊಟ್ಟರೆ ಸಸಿ ಸಾಯುವುದು ಬಯಲುಸೀಮೆಗೆ ಹೊಸದೇನಲ್ಲ. ವಿಜಯಪುರ, ಕಲಬುರಗಿಯ ಕಡೆ ಸೆಪ್ಟೆಂಬರ್ ಮಳೆಯೇ ದೊಡ್ಡದು. ತುಮಕೂರು, ಚಿತ್ರದುರ್ಗದ ಕಡೆ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಹೌದು. ಹಾಗಾಗಿ ಜುಲೈ ಮಧ್ಯಕ್ಕೆ ಸಸಿಮಡಿ ಹಾಕಿ, ಮಘಾ ಹುಬ್ಬೆಯ ಹೊತ್ತಿಗೆ ಬೇರು ಬಂದ ಸಸಿಯನ್ನು ಹೊಲಕ್ಕೆ ಒಯ್ಯುವುದು ನನಗೆ ಸರಿ ಕಾಣುತ್ತದೆ. ಉತ್ತರೆ, ಹಸ್ತದ ಮಳೆಗೆ ಅದು ನೆಲ ಹಿಡಿಯುತ್ತದೆ.

ಅಂಜನ್ ಬೀಜ ಕೊಳ್ಳುವವರು ಕಟಾವು ಯಾವಾಗಿನದು ಎಂದು ಕೇಳಿಯೇ ಕೊಳ್ಳಿ. ಹೊಸದಾಗಿ ಕೊಯ್ದ ಬೀಜಕ್ಕೆ ಹಲವು ತಿಂಗಳು ನಿದ್ದೆ ಇರುತ್ತದೆ, ಎಷ್ಟು ನೀರು ಕೊಟ್ಟರೂ ಸರಿಯಾಗಿ ಮೊಳೆಯುವುದಿಲ್ಲ. ಈ ಚಳಿಗಾಲದಲ್ಲಿ ಕೊಯ್ದ ಬೀಜವನ್ನು ಒಣ ಚೀಲದಲ್ಲಿ ಕಟ್ಟಿಟ್ಟು ಮುಂದಿನ ವರ್ಷದ ಮಳೆಗೆ ಬಿತ್ತಿ. ಈಗಲೇ ಬಿತ್ತಬೇಕೆಂದರೆ ಕಳೆದ ವರ್ಷದ ಬೀಜ ಕೇಳಿ. ತಂದ ಮೇಲೆ ನೂರು ಬೀಜವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸಿ, ಅದರ ಮೇಲೆ ಎಕರೆಗೆ ಎಷ್ಟು ಹಾಕಬೇಕೆಂದು ತೀರ್ಮಾನಿಸಿ.